ಮಕ್ಕಳ ಹಲ್ಲು, ಅಪ್ಪನ ನೀರಿನ ಕ್ಯಾನು

ಬೆಳಗಿನ ನಮಾಝ್ ಮುಗಿಸಿ ಬಂದ ಮೇಲೆ ನೀರು ತರುವುದು ನನ್ನ ಮತ್ತು ನನ್ನ ಇಬ್ಬರು ಗಂಡುಮಕ್ಕಳ ಕೆಲಸ. ಸ್ಕೂಟರಿನಲ್ಲಿ ಕಾಲಿಡುವ ಜಾಗದಲ್ಲಿ ಇಪ್ಪತ್ತು ಲೀಟರಿನ ಕ್ಯಾನು, ಹಿಂದೆ ದೊಡ್ಡವ, ನಡುವೆ ಚಿಕ್ಕವ. ಶುದ್ಧ ನೀರಿನ ಘಟಕದಲ್ಲಿ ಐದು ರೂಪಾಯಿ ನಾಣ್ಯ ಹಾಕುವ ಹಕ್ಕು ಚಿಕ್ಕವನದು. ಒಮ್ಮೆ ದೊಡ್ಡವ ಮರೆತು ತಾನೇ ಹಾಕಿಬಿಟ್ಟಾಗ ಮನೆ ಸೇರುವವರೆಗೂ ಅತ್ತಿದ್ದ. ಶಾಲೆಯ ವಿಷಯ, ಜಗಳದ ವಿಷಯ, ಮನೆಯಲ್ಲಿ ಹೇಳಲಾಗದ ಎಷ್ಟೋ ವಿಷಯ ಈ ಸಾಲಿನಲ್ಲಿ ನಿಂತಾಗಲೇ ಹೊರಬರುವುದು.

ದೊಡ್ಡವನಿಗೆ ಈಗ ಹನ್ನೆರಡು. ನಗುವಾಗ ಬಾಯಿಗೆ ಕೈ ಅಡ್ಡ ಹಿಡಿಯುತ್ತಾನೆ. ಮುಂದಿನ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿವೆ. ಏಳನೆಯ ವಯಸ್ಸಿನಲ್ಲಿ ಆ ಹಲ್ಲುಗಳು ಹೊರಬಂದಾಗ ಸೀಮೆಸುಣ್ಣ ಬಳಿದಂಥ ಬಿಳಿ ಗೆರೆಗಳಿದ್ದವು, ಬರಬರುತ್ತಾ ಬಣ್ಣ ತಿರುಗಿತು. "ಸರಿಯಾಗಿ ಉಜ್ಜುತ್ತಿಲ್ಲ" ಎಂದು ನಾನೇ ಬೈದಿದ್ದೆ. ಒಂದು ದಿನ ಅವನು ಬಚ್ಚಲಿನಲ್ಲಿ ಇಟ್ಟಿಗೆ ಪುಡಿಯಿಂದ ಹಲ್ಲು ತಿಕ್ಕುತ್ತಿದ್ದುದನ್ನು ನೋಡಿದೆ. ಒಸಡಿನಿಂದ ರಕ್ತ ಬರುತ್ತಿತ್ತು. ಅದೇ ವಾರ ಮುಳಬಾಗಿಲಿನ ಕಡೆಯ ಒಂದು ಹಳ್ಳಿಯ ಹುಡುಗನನ್ನು ನನ್ನ ದವಾಖಾನೆಗೆ ಕರೆತಂದಿದ್ದರು. ಅವನ ಬಾಯಿ ನೋಡಿದ ಕೂಡಲೇ, "ಇದು ನೀರಿನ ಫ್ಲೋರೈಡಿನಿಂದ ಬಂದದ್ದು, ಹುಡುಗನ ತಪ್ಪಲ್ಲ" ಎಂದು ಅವನ ತಂದೆಗೆ ಹೇಳಿದ್ದೆ. ಬೇರೆಯವರ ಮಗನಲ್ಲಿ ಕಂಡದ್ದು ನನ್ನ ಮಗನಲ್ಲಿ ಕಾಣಲಿಲ್ಲ. ನಾಚಿಕೆಯ ವಿಷಯ, ಆದರೂ ಬರೆಯುತ್ತಿದ್ದೇನೆ.

ನಾನು ಹುಟ್ಟಿ ಬೆಳೆದದ್ದು ಮುಳಬಾಗಿಲಿನಲ್ಲಿ. ಆಗ ನಮ್ಮದು ಸೇದುವ ಬಾವಿಯ ನೀರು. ನನ್ನ ಹಲ್ಲು ಬೆಳ್ಳಗಿವೆ. ಶ್ರೀನಿವಾಸಪುರದ ಮಾವಿನ ತೋಟಗಳ ನಡುವೆ ಬೆಳೆದ ನನ್ನ ಹೆಂಡತಿಯ ಹಲ್ಲೂ ಹಾಗೆಯೇ. ಒಂದೇ ತಲೆಮಾರಿನಲ್ಲಿ ಏನಾಯಿತು? ಬಾವಿಗಳು ಬತ್ತಿದವು, ಬೋರುಗಳು ಸಾವಿರ ಅಡಿ ದಾಟಿದವು. ನಮ್ಮ ನೆಲದಡಿ ಇರುವುದು ಗ್ರಾನೈಟು, ನೈಸ್ ಬಂಡೆ. ಅದರೊಳಗಿನ ಕೆಲವು ಖನಿಜಗಳಲ್ಲಿ ಫ್ಲೋರೈಡ್ ಇದೆ. ಬಂಡೆಯ ಬಿರುಕಿನಲ್ಲಿ ನೀರು ವರ್ಷಗಟ್ಟಲೆ ನಿಂತಷ್ಟೂ ಅದು ನೀರಿಗೆ ಇಳಿಯುತ್ತದೆ. ಮೇಲಿನ ನೀರು ಮಳೆಯಿಂದ ಆಗಾಗ ಹೊಸದಾಗುತ್ತದೆ, ಆಳದ ನೀರು ಹಾಗಾಗುವುದಿಲ್ಲ. ಕೋಲಾರಕ್ಕೆ ವರ್ಷವಿಡೀ ಹರಿಯುವ ನದಿಯಿಲ್ಲ, ಇದ್ದದ್ದು ಕೆರೆಗಳು ಮಾತ್ರ. ಅವು ಒಣಗಿದಾಗ ಕೊಳವೆ ಇಳಿಸುವುದೊಂದೇ ದಾರಿಯಾಯಿತು.

ಇದು ನಮ್ಮೊಬ್ಬರ ಕಷ್ಟವೂ ಅಲ್ಲ. ಅಮೆರಿಕದ ಕೊಲೊರಾಡೊದಲ್ಲಿ ಇಂಥ ಕಂದು ಹಲ್ಲುಗಳನ್ನು ಕಂಡ ಒಬ್ಬ ದಂತವೈದ್ಯ 1901ರಿಂದ ಕಾರಣ ಹುಡುಕತೊಡಗಿದ. ನೀರಿನ ಫ್ಲೋರೈಡೇ ಕಾರಣ ಎಂದು ತಿಳಿಯಲು 1931 ಆಗಬೇಕಾಯಿತು. ನಮ್ಮ ಕಡೆ, ಆಗಿನ ಮದ್ರಾಸ್ ಪ್ರಾಂತ್ಯದ ನೆಲ್ಲೂರು ಸೀಮೆಯಲ್ಲಿ ಮೂಳೆಗಳೂ ಬಿಗಿದುಕೊಂಡ ಜನರ ವರದಿ ಬಂದದ್ದು 1937ರಲ್ಲಿ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ಒಂದು ಲೀಟರಿಗೆ 1 ಮಿಲಿಗ್ರಾಂ ಫ್ಲೋರೈಡ್ ಇದ್ದರೆ ಸರಿ. ಬೇರೆ ನೀರೇ ಸಿಗದಿದ್ದರೆ 1.5ರವರೆಗೆ ಒಪ್ಪಬಹುದು. ನಮ್ಮ ಬೀದಿಯ ಬೋರಿನ ನೀರನ್ನು ಕೊನೆಗೂ ಪರೀಕ್ಷೆಗೆ ಕೊಟ್ಟಾಗ ಅದು ಈ ಮಿತಿಯನ್ನು ದಾಟಿತ್ತು. ಫ್ಲೋರೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ, ರುಚಿಯಿಲ್ಲ. ನಮ್ಮವರು ಉಪ್ಪುನೀರು, ಸಿಹಿನೀರು ಎಂದು ನಾಲಿಗೆಯಿಂದ ತೀರ್ಮಾನಿಸುತ್ತಾರೆ. ಸುಣ್ಣದಂಶ ಕಡಿಮೆ ಇರುವ, ಬೇಳೆ ಬೇಗ ಬೇಯುವ ನೀರಿನಲ್ಲೇ ಎಷ್ಟೋ ಸಲ ಫ್ಲೋರೈಡ್ ಹೆಚ್ಚು. "ನಮ್ಮ ಬೋರು ಎಳನೀರಿನ ಹಾಗಿದೆ ಹಕೀಮ್ ಸಾಬ್" ಎಂದು ಮಾಲೂರಿನಲ್ಲಿ ಒಬ್ಬರು ಹೆಮ್ಮೆಯಿಂದ ಹೇಳಿದರು. ಅವರ ಮೂವರು ಮಕ್ಕಳ ಹಲ್ಲಿನಲ್ಲೂ ಪಟ್ಟೆಗಳಿದ್ದವು.

ತಂದೆಯಂದಿರು ಮುಖ್ಯವಾಗಿ ತಿಳಿಯಬೇಕಾದದ್ದು ಕಾಲದ ಲೆಕ್ಕ. ಮಗುವಿನ ಶಾಶ್ವತ ಹಲ್ಲುಗಳು ಹೊರಗೆ ಕಾಣುವುದು ಆರೇಳು ವರ್ಷಕ್ಕೆ. ಒಸಡಿನೊಳಗೆ ಅವು ತಯಾರಾಗುತ್ತಿರುವುದು ಹುಟ್ಟಿದ ಮೊದಲ ವರ್ಷದಿಂದಲೇ. ಮುಂದಿನ ಬಾಚಿಹಲ್ಲಿನ ತುದಿಯ ಅಂಚು ಮೊದಲು ಆಗುತ್ತದೆ, ಒಸಡಿನ ಕಡೆಯ ಭಾಗ ಆಮೇಲೆ, ನಾಲ್ಕೈದು ವರ್ಷಕ್ಕೆ ಮುಗಿಯುತ್ತದೆ. ಬುದ್ಧಿಹಲ್ಲು ಬಿಟ್ಟರೆ ಉಳಿದೆಲ್ಲ ಹಲ್ಲುಗಳ ಹೊರಪದರ ಸುಮಾರು ಎಂಟು ವರ್ಷದೊಳಗೆ ಸಿದ್ಧ. ಈ ಅವಧಿಯಲ್ಲಿ ಹೆಚ್ಚು ಫ್ಲೋರೈಡ್ ದೇಹ ಸೇರಿದರೆ ಹೊರಪದರ ಗಟ್ಟಿಯಾಗದೆ ಒಳಗೊಳಗೇ ಪೊಳ್ಳಾಗುತ್ತದೆ. ಹಲ್ಲು ಹೊರಬಂದ ಮೇಲೆ ಆ ಪೊಳ್ಳಿನಲ್ಲಿ ಬಣ್ಣ ಕೂರುತ್ತದೆ. ಅಂದರೆ ಕಲೆ ಕಾಣಿಸುವ ದಿನಕ್ಕೆ ಕೆಡುವುದೆಲ್ಲ ಕೆಟ್ಟಾಗಿರುತ್ತದೆ. ದೊಡ್ಡವನಿಗೆ ಏಳು ವರ್ಷವಾದಾಗ ನಾನು ಮನೆಯ ನೀರು ಬದಲಿಸಿದೆ. ಅವನ ಹಲ್ಲಿನ ಮಟ್ಟಿಗೆ ಅದು ತಡವಾಗಿತ್ತು. ಮೂಳೆಗಳಿಗೆ ತಡವಾಗಿರಲಿಲ್ಲ ಎಂಬುದೊಂದೇ ಸಮಾಧಾನ.

ಮೂಳೆಯ ವಿಷಯ ಹಲ್ಲಿಗಿಂತ ಗಂಭೀರ. ಹೆಚ್ಚು ಫ್ಲೋರೈಡಿನ ನೀರನ್ನು ಹತ್ತಾರು ವರ್ಷ ಕುಡಿದವರಿಗೆ ಬೆನ್ನು, ಕುತ್ತಿಗೆ, ಮಂಡಿ ಬಿಗಿಯುತ್ತವೆ. ನಮಾಝಿನಲ್ಲಿ ಬಗ್ಗಲಾಗದೆ ನಲವತ್ತೈದಕ್ಕೇ ಕುರ್ಚಿ ಹಿಡಿದವರು ನನ್ನಲ್ಲಿಗೆ ಬರುತ್ತಾರೆ. ಎಲ್ಲ ಮಂಡಿನೋವೂ ಫ್ಲೋರೈಡಿನದಲ್ಲ, ನಿಜ. ಆದರೆ ಗಲ್ಲವನ್ನು ಎದೆಗೆ ತಾಗಿಸಲು, ಮಂಡಿ ಮಡಚದೆ ಬಗ್ಗಲು ಆಗದಿದ್ದರೆ ಯಾವ ನೀರು ಕುಡಿಯುತ್ತೀರಿ ಎಂದು ಮೊದಲು ಕೇಳುತ್ತೇನೆ. ಸುಣ್ಣದಂಶವಿಲ್ಲದ ಊಟದ ಮೇಲೆ ಇಂಥ ನೀರೂ ಸೇರಿದರೆ ಬೆಳೆಯುವ ಮಕ್ಕಳ ಕಾಲುಗಳು ಮಂಡಿಯಲ್ಲಿ ಸೊಟ್ಟಗಾಗುತ್ತವೆ. ಆಂಧ್ರಪ್ರದೇಶದಲ್ಲಿದ್ದ ನಲ್ಗೊಂಡದಲ್ಲಿ 1970ರ ದಶಕದಲ್ಲಿ ವೈದ್ಯರು ಇದನ್ನು ಗುರುತಿಸಿದ್ದರು.

ಇನ್ನು ಮನೆಯ ಮಾತು. "ನಾವು ನೀರು ಕುದಿಸಿಯೇ ಕುಡಿಯುವುದು" ಎನ್ನುವವರು ಬಹಳ. ನಮ್ಮ ಯೂನಾನಿ ಪದ್ಧತಿಯೂ ಅನ್ನ ಪಾನವನ್ನು ಬದುಕಿನ ಆರು ಅಗತ್ಯಗಳಲ್ಲಿ ಎಣಿಸುತ್ತದೆ. ಕೆಟ್ಟ ನೀರನ್ನು ಕುದಿಸಿ, ಇಲ್ಲವೆ ಬಟ್ಟಿ ಇಳಿಸಿ ಸರಿಪಡಿಸಿ ಎಂದು ಇಬ್ನ್ ಸೀನಾ ತಮ್ಮ ಕಾನೂನ್ ಗ್ರಂಥದಲ್ಲಿ ಹೇಳಿದ್ದಾರೆ. ಬಟ್ಟಿ ಇಳಿಸಿದರೆ ಫ್ಲೋರೈಡ್ ಹಿಂದೆ ಉಳಿಯುತ್ತದೆ, ಸರಿ. ಕುದಿಸಿದರೆ ಹೋಗುವುದಿಲ್ಲ. ಹತ್ತು ಲೀಟರು ಕುದಿದು ಎಂಟಾದರೆ ಹತ್ತರಲ್ಲಿದ್ದ ಫ್ಲೋರೈಡೆಲ್ಲ ಆ ಎಂಟರಲ್ಲಿ ಇರುತ್ತದೆ. ಕುದಿಸುವುದು ರೋಗಾಣುಗಳಿಗೆ ಮದ್ದು, ಇದಕ್ಕಲ್ಲ. ಕ್ಯಾಂಡಲ್ ಫಿಲ್ಟರಿನಿಂದಲೂ ಆಗದು. ಆರ್‌.ಓ. ಯಂತ್ರದಿಂದ ಆಗುತ್ತದೆ, ಘಟಕಗಳಲ್ಲಿರುವುದು ಅದೇ. ಆದರೆ ಅದರೊಳಗಿನ ಮೆಂಬ್ರೇನನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ನಾಣ್ಯ ಹಾಕಿ ಬೋರಿನ ನೀರನ್ನೇ ತಂದ ಹಾಗೆ. ಬದಲಿಸಿದ್ದು ಯಾವಾಗ ಎಂದು ಕೇಳಿ. ಕೇಳಿದರೆ ಕೆಲವರು ಮುಖ ಗಂಟಿಕ್ಕುತ್ತಾರೆ, ಪರವಾಗಿಲ್ಲ. ಗ್ರಾಮ ಪಂಚಾಯಿತಿಗಳಿಗೆ ನೀರು ಪರೀಕ್ಷಿಸುವ ಕಿಟ್ ಕೊಡಲಾಗಿದೆ, ಜಿಲ್ಲಾ ಪ್ರಯೋಗಾಲಯದಲ್ಲೂ ನೀರನ್ನು ಪರೀಕ್ಷಿಸುತ್ತಾರೆ. ಒಂದು ಬಾಟಲಿ ಒಯ್ದು ಕೊಡುವುದಕ್ಕೆ ನನ್ನಷ್ಟು ತಡಮಾಡಬೇಡಿ.

ಕ್ಯಾನು ತರುವ ಮನೆಗಳಲ್ಲೂ ಒಂದು ತಪ್ಪು ನಡೆಯುತ್ತದೆ. ಕುಡಿಯಲು ಕ್ಯಾನಿನ ನೀರು, ಅಡುಗೆಗೆ ನಲ್ಲಿಯ ನೀರು. ಅನ್ನ, ಮುದ್ದೆ, ಬೇಳೆ ಬೇಯುವಾಗ ನೀರನ್ನು ಒಳಗೆ ಎಳೆದುಕೊಳ್ಳುತ್ತವೆ, ಅದರೊಂದಿಗೆ ಫ್ಲೋರೈಡನ್ನೂ. ನಮ್ಮ ಮನೆಯಲ್ಲಿ ಇದು ಅರ್ಥವಾದ ಮೇಲೆ ಸ್ಕೂಟರು ಎರಡು ಸುತ್ತು ಹೋಗತೊಡಗಿತು. ಬಾಟಲಿ ಹಾಲು ಕುಡಿಯುವ ಕೂಸಿಗಂತೂ ಪುಡಿ ಕಲಸುವ ನೀರೇ ಎಲ್ಲ. ತಾಯಿಯ ಹಾಲಿನಲ್ಲಿ ಫ್ಲೋರೈಡ್ ಅತ್ಯಲ್ಪ, ತಾಯಿ ಬೋರಿನ ನೀರು ಕುಡಿದರೂ ಅದು ಹಾಲಿಗೆ ಹೆಚ್ಚು ಇಳಿಯುವುದಿಲ್ಲ. ಚಹಾ ಎಲೆಯಲ್ಲೇ ಫ್ಲೋರೈಡ್ ಇದೆ. ಮೂರು ವರ್ಷದ ಮಗುವಿಗೆ ಬನ್ನು ಅದ್ದಿಕೊಳ್ಳಲು ಲೋಟದ ತುಂಬ ಚಹಾ ಕೊಡುವುದನ್ನು ಅಜ್ಜಿಯರು ಬಿಡಬೇಕು. ನನ್ನ ಅಮ್ಮಿಯನ್ನು ಒಪ್ಪಿಸಲು ಒಂದು ರಮಝಾನ್ ಪೂರ್ತಿ ಬೇಕಾಯಿತು.

ಪೇಸ್ಟಿನ ಬಗ್ಗೆಯೂ ಕೇಳುತ್ತಾರೆ. ಸಾಮಾನ್ಯ ಫ್ಲೋರೈಡ್ ಪೇಸ್ಟಿನ ಒಂದು ಗ್ರಾಮಿನಲ್ಲಿ ಸುಮಾರು 1 ಮಿಲಿಗ್ರಾಂ ಫ್ಲೋರೈಡ್ ಇರುತ್ತದೆ. ಉಗಿದರೆ ತೊಂದರೆಯಿಲ್ಲ, ಚಿಕ್ಕ ಮಕ್ಕಳು ನುಂಗುತ್ತಾರೆ. ಮೂರು ವರ್ಷದೊಳಗೆ ಅಕ್ಕಿಕಾಳಿನಷ್ಟು, ಆಮೇಲೆ ಆರರವರೆಗೆ ಬಟಾಣಿಯಷ್ಟು ಸಾಕು, ಅದೂ ದೊಡ್ಡವರು ಪಕ್ಕದಲ್ಲಿ ನಿಂತು. ಮಿಸ್ವಾಕ್ ಬಳಸುವವರು ಬಳಸಲಿ, ಮೆದುವಾಗಿ. ಇಟ್ಟಿಗೆ ಪುಡಿ, ಇದ್ದಿಲು, ಉಪ್ಪು ನಿಂಬೆ ಇವು ಯಾವುವೂ ಬೇಡ. ಕಲೆ ಹಲ್ಲಿನ ಮೇಲಿಲ್ಲ, ಒಳಗಿದೆ. ತಿಕ್ಕಿದರೆ ಹಲ್ಲು ಸವೆಯುತ್ತದೆ, ಕಲೆ ಅಲ್ಲೇ ಇರುತ್ತದೆ. ಈ ಕಲೆಗೆ ಸನೂನ್ ಇದೆಯೇ ಎಂದು ನನ್ನನ್ನು ಕೇಳಬೇಡಿ. ಇಲ್ಲ. ಇದೆ ಎಂದು ಮಾರುವವರನ್ನು ನಂಬಬೇಡಿ. ದಂತವೈದ್ಯರು ಮೇಲ್ಪದರವನ್ನು ತೆಳುವಾಗಿ ಉಜ್ಜಿ ತೆಗೆಯುವ, ಹಲ್ಲಿನ ಬಣ್ಣದ ಲೇಪ ಕೂರಿಸುವ ಚಿಕಿತ್ಸೆ ಮಾಡುತ್ತಾರೆ.

ವುಝೂವಿಗೆ ಬೋರಿನ ನೀರು ಬಳಸಬಹುದೇ ಎಂದು ಕೇಳಿದವರಿದ್ದಾರೆ. ಬಾಯಿ ಮುಕ್ಕಳಿಸಿ ಉಗಿಯುವುದರಿಂದ ಭಯವಿಲ್ಲ, ಸ್ನಾನಕ್ಕೂ ಭಯವಿಲ್ಲ, ಅದು ಚರ್ಮದಿಂದ ಒಳಗೆ ಹೋಗುವುದಿಲ್ಲ. ಭಯವಿರುವುದು ವುಝೂ ನಲ್ಲಿಗೇ ಬಾಯಿಟ್ಟು ಕುಡಿಯುವ ಮದ್ರಸಾ ಹುಡುಗರ ಬಗ್ಗೆ. ಆಡಿ ಬಂದವನಿಗೆ ಬಾಯಾರಿದರೆ ಯಾವ ನೀರಾದರೇನು. ಮಸೀದಿ ಕಮಿಟಿಯವರು ಅಲ್ಲೇ ಒಂದು ಡ್ರಮ್ಮಿನಲ್ಲಿ ಶುದ್ಧ ನೀರಿಟ್ಟರೆ, ಇಫ್ತಾರಿನ ಶರಬತ್ತಿಗೂ ಅದನ್ನೇ ಬಳಸಿದರೆ ಖರ್ಚು ದೊಡ್ಡದೇನಲ್ಲ.

ಆಹಾರದಿಂದಲೂ ಸ್ವಲ್ಪ ನೆರವಿದೆ. ಹಾಲು, ಮೊಸರು, ರಾಗಿಯಲ್ಲಿರುವ ಸುಣ್ಣದಂಶ ಹೊಟ್ಟೆಯಲ್ಲೇ ಫ್ಲೋರೈಡನ್ನು ಹಿಡಿದಿಟ್ಟು ರಕ್ತಕ್ಕೆ ಹೋಗುವುದನ್ನು ತಗ್ಗಿಸುತ್ತದೆ. ಇನ್ನೊಂದು, ಹುಣಸೆ. ಅರಬರು ಇದನ್ನು ತಮರ್ ಹಿಂದಿ, ಅಂದರೆ ಹಿಂದೂಸ್ತಾನದ ಖರ್ಜೂರ ಎಂದರು, ನಮ್ಮ ಯೂನಾನಿ ಗ್ರಂಥಗಳಲ್ಲೂ ಅದೇ ಹೆಸರು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯವರು ಶಾಲಾ ಹುಡುಗರಿಗೆ ದಿನಕ್ಕೆ 10 ಗ್ರಾಂ ಹುಣಸೆ ಕೊಟ್ಟು ನೋಡಿದಾಗ ಮೂತ್ರದಲ್ಲಿ ಹೊರಹೋಗುವ ಫ್ಲೋರೈಡ್ ಹೆಚ್ಚಿತ್ತು, ಇದು 2002ರಲ್ಲಿ ಪ್ರಕಟವಾಯಿತು. ಕೋಲಾರದ ಹುಳಿಸಾರು ತಿನ್ನಲು ಇನ್ನೊಂದು ನೆಪ ಸಿಕ್ಕಿತೆಂದು ನನಗೆ ಖುಷಿಯಾಯಿತು. ಆದರೆ ಕೆಟ್ಟ ನೀರು ಕುಡಿಯುತ್ತಾ ಹುಣಸೆ ತಿಂದರೆ ಸಾಕೆಂದು ಯಾರೂ ತಿಳಿಯಬಾರದು.

ಸ್ವಂತ ಮನೆಯಿರುವವರು ಮಳೆನೀರನ್ನು ಯೋಚಿಸಿ. ನಮ್ಮಲ್ಲಿ ವರ್ಷಕ್ಕೆ ಸುಮಾರು 700 ಮಿಲಿಮೀಟರು ಮಳೆ. ಇಪ್ಪತ್ತಕ್ಕೆ ಮೂವತ್ತು ಅಡಿಯ ತಾರಸಿಯ ಮೇಲೆ ಅದು 39,000 ಲೀಟರಿನಷ್ಟು, ಸೋರಿ ಹೋದದ್ದನ್ನು ಕಳೆದರೂ 30,000. ಆರು ಜನರ ಮನೆಗೆ ಕುಡಿಯಲು, ಅಡುಗೆಗೆ ದಿನಕ್ಕೆ 30 ಲೀಟರು ಹಿಡಿದರೆ ವರ್ಷಕ್ಕೆ 11,000 ಲೀಟರೂ ಬೇಡ. ಮಳೆನೀರಿನಲ್ಲಿ ಫ್ಲೋರೈಡ್ ಇಲ್ಲವೆನ್ನುವಷ್ಟು ಕಡಿಮೆ. ಮೊದಲ ಮಳೆಯ ನೀರನ್ನು ಹೊರಗೆ ಬಿಟ್ಟು, ಸೋಸಿ, ಮುಚ್ಚಿದ ತೊಟ್ಟಿಯಲ್ಲಿ ಹಿಡಿದು, ಕುಡಿಯುವಾಗ ಕುದಿಸಿ. ತೊಟ್ಟಿ ಕಟ್ಟುವ ಖರ್ಚೇ ತಡೆ, ನಾನೂ ಇನ್ನೂ ಕಟ್ಟಿಸಿಲ್ಲ. 2018ರಿಂದ ಕೆ.ಸಿ. ವ್ಯಾಲಿ ಯೋಜನೆಯಲ್ಲಿ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರು ನಮ್ಮ ಕೆರೆಗಳಿಗೆ ಬರುತ್ತಿದೆ. ತುಂಬಿದ ಕೆರೆ ನೋಡಿ ಎಲ್ಲರಿಗೂ ಸಂತೋಷ. ಅದು ಅಂತರ್ಜಲ ತುಂಬಿಸಲು ಬಿಟ್ಟ ನೀರು, ಕುಡಿಯಲಲ್ಲ. ಹುಡುಗರು ಈಜಲು ಓಡುತ್ತಾರೆ, ನನ್ನ ದೊಡ್ಡವನೂ ಒಮ್ಮೆ ಹೋಗಿ ಬೈಸಿಕೊಂಡ.

ಚಿಕ್ಕವನಿಗೆ ಈಗ ಏಳು. ನೀರು ಬದಲಿಸಿದಾಗ ಅವನಿಗೆ ಎರಡು ತುಂಬಿತ್ತು. ಅದಕ್ಕೂ ಮುಂಚೆ ತಾಯಿಯ ಹಾಲಿನ ಜೊತೆ ಬೋರಿನ ನೀರಿನಲ್ಲಿ ಕಾಸಿದ ರಾಗಿ ಸರಿ ತಿಂದಿದ್ದ. ಕಳೆದ ತಿಂಗಳು ಮೇಲಿನ ಎರಡು ಹಾಲುಹಲ್ಲು ಬಿದ್ದವು. ಮೊನ್ನೆ ರಾತ್ರಿ ಊಟವಾದ ಮೇಲೆ ಅವನನ್ನು ಬಾಗಿಲ ಬಳಿ ಕೂರಿಸಿ ಬಾಯಿ ತೆರೆಸಿದೆ. ದೊಡ್ಡವ ಮೊಬೈಲಿನ ಟಾರ್ಚ್ ಹಿಡಿದ. ಒಂದು ಹಲ್ಲು ಅರ್ಧ ಹೊರಬಂದಿದೆ. ತುದಿಯಲ್ಲಿ ಕೂದಲೆಳೆಯಷ್ಟು ಬಿಳಿ ಗೆರೆಯಿದೆ, ಅದರಿಂದಾಚೆಗೆ ಕಂಡಷ್ಟೂ ಹಲ್ಲು ಶುಭ್ರವಾಗಿದೆ. ದೊಡ್ಡವ ಬಹಳ ಹೊತ್ತು ನೋಡಿದ. "ಅಬ್ಬಾ, ಇವನದು ಚೆನ್ನಾಗಿ ಬರ್ತಿದೆ" ಎಂದ. ಪಕ್ಕದ ಹಲ್ಲು ಇನ್ನೂ ಒಸಡಿನೊಳಗೇ ಇದೆ.