ಅರಳಿಕಟ್ಟೆಯ ವಾದ-ವಿವಾದ

ವಿಶ್ವಕೋಶವೆಂದೊಡನೆ ನಮ್ಮಲ್ಲಿ ಅನೇಕರ ಕಣ್ಣ ಮುಂದೆ ಬರುವುದು ಗಾಜಿನ ಬೀರುವಿನಲ್ಲಿ ಸಾಲಾಗಿ ನಿಲ್ಲಿಸಿದ ದಪ್ಪ ಸಂಪುಟಗಳು. ಬರೆದವರು ಪಂಡಿತರು, ಓದುವವರು ನಾವು. ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲ ಪ್ರಪಂಚ’ವನ್ನು ಬಹುಮಟ್ಟಿಗೆ ಒಬ್ಬರೇ ಹೆಗಲು ಕೊಟ್ಟು ಸಿದ್ಧಪಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ‘ಕನ್ನಡ ವಿಶ್ವಕೋಶ’ದ ಮೊದಲನೆಯ ಸಂಪುಟ 1969ರಲ್ಲಿ ಹೊರಬಂದು, ಮುಂದೆ ಒಟ್ಟು 14 ಸಂಪುಟಗಳಾದವು. ಅದಕ್ಕೆ ಸಂಪಾದಕರಿದ್ದರು, ವಿಷಯತಜ್ಞರಿದ್ದರು, ಕರಡು ತಿದ್ದುವವರಿದ್ದರು. ಪಂಡಿತರೊಳಗೆ ಭಿನ್ನಾಭಿಪ್ರಾಯವೇ ಬಂದಿರಲಾರದೆಂದಲ್ಲ. ಬಂದಿದ್ದರೂ ಅದು ಕೋಣೆಯೊಳಗೇ ಮುಗಿದಿರಬೇಕು. ಅಚ್ಚಾದ ಪುಟದಲ್ಲಿ ಅದರ ಸುಳಿವು ಓದುಗನಿಗೆ ಸಿಕ್ಕುವುದಿಲ್ಲ.

ವಿಕಿಪೀಡಿಯದ ರೀತಿಯೇ ಬೇರೆ. 2001ರ ಜನವರಿ 15ರಂದು ಅಮೇರಿಕೆಯಲ್ಲಿ ಜಿಮ್ಮಿ ವೇಲ್ಸ್ ಮತ್ತು ಲ್ಯಾರಿ ಸ್ಯಾಂಗರ್ ಎಂಬಿಬ್ಬರು ಇಂಗ್ಲಿಷಿನಲ್ಲಿ ಆರಂಭಿಸಿದ ಈ ಅಂತರ್ಜಾಲ ವಿಶ್ವಕೋಶಕ್ಕೆ 2003ರಲ್ಲಿ ಕನ್ನಡದ ಆವೃತ್ತಿಯೂ ಹುಟ್ಟಿತು. ಇಲ್ಲಿ ಸಂಬಳದ ಸಂಪಾದಕರಿಲ್ಲ. ಬರೆಯುವವರು ಮಾಸ್ತರರು, ವಿದ್ಯಾರ್ಥಿಗಳು, ಬ್ಯಾಂಕಿನವರು, ಗೃಹಿಣಿಯರು, ನಿವೃತ್ತರು. ಬರೆದದ್ದನ್ನು ತಿದ್ದುವವರೂ ಅವರೇ, ಅಳಿಸುವವರೂ ಅವರೇ. ಪ್ರತಿಯೊಂದು ಲೇಖನದ ನೆತ್ತಿಯ ಮೇಲೂ ‘ಚರ್ಚೆ’ ಎಂಬ ಇನ್ನೊಂದು ಪುಟಕ್ಕೆ ಬಾಗಿಲಿದೆ. ಬಳಗವೆಲ್ಲ ಕೂಡಿ ಮಾತನಾಡಬೇಕಾದ ವಿಷಯಗಳಿಗೆ ಕನ್ನಡದವರು ಒಂದು ಪ್ರತ್ಯೇಕ ಜಾಗವನ್ನೇ ಮಾಡಿಕೊಂಡು ಅದಕ್ಕೆ ‘ಅರಳಿ ಕಟ್ಟೆ’ ಎಂದು ಹೆಸರಿಟ್ಟಿದ್ದಾರೆ. ಹೆಸರಿಟ್ಟವರು ರಸಿಕರೇ ಸರಿ. ಊರಿನ ಅರಳಿಕಟ್ಟೆಯನ್ನು ಬಲ್ಲವರಿಗೆ ಅಲ್ಲಿ ಏನೇನು ನಡೆಯುವುದೆಂದು ಹೇಳಬೇಕಾಗಿಲ್ಲ.

ನಾವು ದಿನವೂ ಚರ್ಚ್‌ಗೇಟಿನಲ್ಲಿ ಇಳಿದು ಫೋರ್ಟಿನ ಒಂದು ಸರಕಾರಿ ಕಚೇರಿಗೆ ಹೋಗಿ ಕಡತಗಳ ನಡುವೆ ಕುಳಿತುಕೊಳ್ಳುವವರು. ಈ ಚರ್ಚೆಯ ಪುಟಗಳನ್ನು ಕಂಡಾಗ ನಮಗೆ ನೆನಪಾದುದು ಕಡತದ ಟಿಪ್ಪಣಿ ಹಾಳೆ. ಕಡತದ ಒಂದು ಬದಿಗೆ ಪತ್ರವ್ಯವಹಾರ, ಇನ್ನೊಂದು ಬದಿಗೆ ಟಿಪ್ಪಣಿ. ಗುಮಾಸ್ತ ಬರೆದದ್ದನ್ನು ಮೇಲಿನವರು ಒಪ್ಪದಿದ್ದರೆ ಹರಿದು ಹಾಕುವಂತಿಲ್ಲ; ಅದರ ಕೆಳಗೆ ತಮ್ಮ ಅಭಿಪ್ರಾಯ ಬರೆದು ರುಜು ಹಾಕಬೇಕು. ಹತ್ತು ವರ್ಷಗಳ ಮೇಲೆ ತೆರೆದು ನೋಡಿದರೂ ಯಾರು ಏನೆಂದರು ಎಂಬುದು ತಿಳಿಯುತ್ತದೆ. ವಿಕಿಪೀಡಿಯದಲ್ಲಿಯೂ ಹಾಗೆಯೇ. ‘ಇತಿಹಾಸ’ ಎಂಬಲ್ಲಿ ಒತ್ತಿದರೆ ಒಂದು ಅಲ್ಪವಿರಾಮ ಯಾವ ದಿನ, ಎಷ್ಟು ಗಂಟೆಗೆ, ಯಾರ ಕೈಯಿಂದ ಸೇರಿತೆಂಬುದು ಕೂಡ ಸಿಕ್ಕುತ್ತದೆ. ವ್ಯತ್ಯಾಸ ಒಂದೇ, ಆದರೆ ಅದು ದೊಡ್ಡದು. ನಮ್ಮ ಕಡತದ ವಾದ ಸಾಹೇಬರ ಮೇಜನ್ನು ತಲುಪಿದೊಡನೆ ಮುಗಿಯುತ್ತದೆ. ಅಲ್ಲಿ ಸಾಹೇಬರಿಲ್ಲ. ನಿರ್ವಾಹಕರೆಂಬವರು ಇದ್ದಾರೆ, ಪುಟಕ್ಕೆ ಬೀಗ ಹಾಕುವ, ಕಿಡಿಗೇಡಿಗಳನ್ನು ಹೊರಗಿಡುವ ಅಧಿಕಾರ ಅವರಿಗುಂಟು. ಆದರೆ ಲೇಖನದಲ್ಲಿ ಇದು ಸರಿ, ಅದು ತಪ್ಪು ಎಂದು ತೀರ್ಪು ಕೊಡುವ ಅಧಿಕಾರ ಅವರಿಗೂ ಇಲ್ಲ. ಇಬ್ಬರು ಹಟಕ್ಕೆ ಬಿದ್ದು ಒಬ್ಬರದನ್ನೊಬ್ಬರು ಅಳಿಸುತ್ತ ಕುಳಿತರೆ ಏನು ಗತಿ? ಇಂಗ್ಲಿಷ್ ವಿಕಿಪೀಡಿಯದಲ್ಲಿ ಅದಕ್ಕೊಂದು ಕಟ್ಟಳೆಯಿದೆ. 24 ಗಂಟೆಗಳೊಳಗೆ ಒಂದೇ ಪುಟದಲ್ಲಿ ಮೂರಕ್ಕಿಂತ ಹೆಚ್ಚು ಸಲ ಇತರರ ತಿದ್ದುಪಡಿಯನ್ನು ತೆಗೆದುಹಾಕಿದವರಿಗೆ ಕೆಲಕಾಲ ಬಾಗಿಲು ಮುಚ್ಚಬಹುದು. ಮೊದಲು ಚರ್ಚೆಯ ಪುಟಕ್ಕೆ ಹೋಗಿ ಮಾತನಾಡಿಕೊಳ್ಳಿ ಎಂದು ಅದರ ತಾತ್ಪರ್ಯ.

ಹಾಗೆ ಮಾತನಾಡಿದವರಲ್ಲಿ ಮೊಸರಿನವರ ಕತೆ ಪ್ರಸಿದ್ಧವಾದುದು. ಇಂಗ್ಲಿಷಿನಲ್ಲಿ ಮೊಸರಿಗೆ ಹೇಳುವ ‘ಯೋಗರ್ಟ್’ ಎಂಬ ಪದವನ್ನು ನಡುವೆ ‘ಎಚ್’ ಅಕ್ಷರ ಸೇರಿಸಿ ಬರೆಯುವವರಿದ್ದಾರೆ, ಬಿಟ್ಟು ಬರೆಯುವವರೂ ಇದ್ದಾರೆ. ಲೇಖನದ ತಲೆಬರಹ ಹೇಗಿರಬೇಕೆಂದು ವಾದ ಹೂಡಿದವರು ಸುಮಾರು ಎಂಟು ವರ್ಷ ಬಿಡದೆ ಎಳೆದಾಡಿ, ಕಡೆಗೆ 2011ರಲ್ಲಿ ‘ಎಚ್’ ಅನ್ನು ಬಿಟ್ಟರು. ನಮ್ಮ ಮನೆಯವರು ಇದನ್ನು ಕೇಳಿ, “ಅಷ್ಟು ಹೊತ್ತಿಗೆ ಆ ಮೊಸರು ಏನಾಗಿತ್ತಂತೆ?” ಎಂದು ಕೇಳಿದರು. ನಮ್ಮಲ್ಲಿ ಉತ್ತರವಿರಲಿಲ್ಲ.

ಎಲ್ಲ ಜಗಳಗಳೂ ಮೊಸರಿನವಲ್ಲ. ಅದೇ 2011ರ ನವೆಂಬರ್ 18ರಿಂದ 20ರವರೆಗೆ ಭಾರತದ ವಿಕಿಪೀಡಿಯ ಸ್ವಯಂಸೇವಕರ ಮೊದಲನೆಯ ರಾಷ್ಟ್ರೀಯ ಸಮ್ಮೇಳನ ನಡೆದದ್ದು ನಮ್ಮ ಫೋರ್ಟಿನಲ್ಲಿಯೇ, ರಾಜಾಬಾಯಿ ಗೋಪುರದ ನೆರಳಿನಲ್ಲಿರುವ ಮುಂಬಯಿ ವಿಶ್ವವಿದ್ಯಾನಿಲಯದ ಆವರಣದಲ್ಲಿ. ಜಿಮ್ಮಿ ವೇಲ್ಸ್ ಸ್ವತಃ ಬಂದಿದ್ದರು. ಒಳಗೆ ಬೇರೆ ಬೇರೆ ಭಾಷೆಗಳ ಬರಹಗಾರರು ಕುಳಿತಿದ್ದರೆ ಹೊರಗೆ ಪ್ರತಿಭಟನೆ ನಡೆಯಿತು. ವಿಕಿಪೀಡಿಯದ ಭಾರತದ ನಕಾಶೆಯಲ್ಲಿ ಕಾಶ್ಮೀರದ ಗಡಿಯನ್ನು ತೋರಿಸಿದ ಬಗೆ ಸರಿಯಲ್ಲವೆಂಬುದು ಪ್ರತಿಭಟನೆಕಾರರ ದೂರು. ಸರಕಾರಿ ಚಾಕರಿಯಲ್ಲಿರುವ ನಮಗೆ ಸರಕಾರದ ನಕಾಶೆಯೇ ನಕಾಶೆ. ಆ ವಿಷಯವನ್ನು ಅಲ್ಲಿಗೇ ಬಿಡುತ್ತೇವೆ. ಆದರೆ ಬಿಟ್ಟಿ ಚಾಕರಿಯೂ ನಿರಪಾಯವಲ್ಲವೆಂಬುದನ್ನು ಮಾತ್ರ ಹೇಳಬೇಕು. 2025ರ ಫೆಬ್ರವರಿಯಲ್ಲಿ ಸಂಭಾಜಿ ಮಹಾರಾಜರ ಇಂಗ್ಲಿಷ್ ಪುಟದ ಮೇಲೆ ಆಕ್ಷೇಪ ಬಂದಾಗ ಮಹಾರಾಷ್ಟ್ರದ ಸೈಬರ್ ಪೋಲೀಸರು ವಿಕಿಪೀಡಿಯಕ್ಕೆ ನೋಟೀಸು ಕಳುಹಿಸಿದರು. ಸಂಪಾದಕರಲ್ಲಿ ಕೆಲವರ ಮೇಲೆ ಮೊಕದ್ದಮೆಯೂ ದಾಖಲಾಯಿತು.

ಪರಸ್ಥಳದ ಕನ್ನಡಿಗರಾದ ನಮ್ಮ ಮನಸ್ಸಿಗೆ ಹೆಚ್ಚು ತಾಗಿದುದು ಇನ್ನೊಂದು ವಿವಾದ. ಇಂಗ್ಲಿಷ್ ವಿಕಿಪೀಡಿಯದಲ್ಲಿ ಮೊದಲು ಭಾರತದ ವ್ಯಕ್ತಿಗಳ, ಊರುಗಳ ಲೇಖನಗಳ ಮೊದಲ ಸಾಲಿನಲ್ಲಿ ಹೆಸರನ್ನು ಆಯಾ ಭಾಷೆಯ ಲಿಪಿಯಲ್ಲಿಯೂ ಬರೆಯುವ ರೂಢಿಯಿತ್ತು. ಯಾವ ಲಿಪಿ ಎಂಬಲ್ಲಿ ತಕರಾರು ಹುಟ್ಟಿತು. ಪಂಡಿತ ಭೀಮಸೇನ ಜೋಷಿಯವರನ್ನೇ ತೆಗೆದುಕೊಳ್ಳಿ: ಹುಟ್ಟಿದ್ದು ಗದಗಿನ ಕಡೆಯ ರೋಣದಲ್ಲಿ, ಬಾಳಿದ್ದು ಪುಣೆಯಲ್ಲಿ. ಕನ್ನಡದಲ್ಲಿ ಬರೆಯೋಣವೆ, ಮರಾಠಿಯಲ್ಲಿ ಬರೆಯೋಣವೆ? ಎರಡರಲ್ಲಿಯೂ ಎಂದರೆ ಯಾವುದು ಮೊದಲು? ರಜನೀಕಾಂತರು ಬೆಂಗಳೂರಿನ ಮರಾಠಿ ಮನೆತನದಲ್ಲಿ ಹುಟ್ಟಿ ತಮಿಳರ ಆರಾಧ್ಯರಾದವರು. ಅವರಿಗೆ ಮೂರು ಲಿಪಿ ಬೇಕಾದೀತು. ಇಂದು ಒಬ್ಬರು ಸೇರಿಸುವುದು, ನಾಳೆ ಇನ್ನೊಬ್ಬರು ತೆಗೆಯುವುದು. ತಪ್ಪು ಅಕ್ಷರ ಸೇರಿದರೆ ಆ ಲಿಪಿ ಬಾರದವರಿಗೆ ಗೊತ್ತಾಗುವುದೂ ಇಲ್ಲ. ಬೇಸತ್ತ ಸಂಪಾದಕರು 2012ರಲ್ಲಿ ಕೂಡಿ ಚರ್ಚಿಸಿ, ಭಾರತಕ್ಕೆ ಸಂಬಂಧಿಸಿದ ಲೇಖನಗಳ ಆರಂಭದಲ್ಲಿ ಭಾರತೀಯ ಲಿಪಿಗಳೇ ಬೇಡವೆಂದು ನಿಶ್ಚಯಿಸಿಬಿಟ್ಟರು.

ನಮಗೆ ಈ ನಿಶ್ಚಯ ಹಿಡಿಸಲಿಲ್ಲ. ಅಣ್ಣತಮ್ಮಂದಿರು ಕಿಟಕಿಯ ಪಕ್ಕದ ಜಾಗಕ್ಕಾಗಿ ಕಿತ್ತಾಡುತ್ತಾರೆಂದು ಕಿಟಕಿಯನ್ನೇ ಮುಚ್ಚಿದಂತಾಯಿತು. ಇಂಗ್ಲಿಷ್ ಶಾಲೆಗೆ ಹೋಗುವ ನಮ್ಮ ಮಕ್ಕಳು ತಮ್ಮ ಊರಿನ ಹೆಸರನ್ನು ಕನ್ನಡ ಅಕ್ಷರದಲ್ಲಿ ಅಕಸ್ಮಾತ್ತಾಗಿ ನೋಡುವ ಒಂದು ಅವಕಾಶವೂ ಅದರೊಡನೆ ಹೋಯಿತು. ಅದೇ ಪುಟದಿಂದ ಕನ್ನಡ ಲೇಖನಕ್ಕೆ ಹೋಗುವ ದಾರಿಯೇನೋ ಇದೆ. ಆದರೆ ಹುಡುಕಿಕೊಂಡು ಹೋಗುವ ಮಗುವಿಗೆ ಮಾತ್ರ ಅದು ಸಿಕ್ಕೀತು. ಕೊಂಕಣಿಯವರನ್ನು ನೋಡಿ. 2015ರಲ್ಲಿ ಆರಂಭವಾದ ಅವರ ವಿಕಿಪೀಡಿಯದಲ್ಲಿ ದೇವನಾಗರಿ, ರೋಮನ್, ಕನ್ನಡ ಈ ಮೂರು ಲಿಪಿಗಳ ಲೇಖನಗಳೂ ಒಂದೇ ಸೂರಿನಡಿ ಇವೆ. ತಂಟೆ ಅಲ್ಲಿಯೂ ಇರಬಹುದು, ಆದರೆ ಕಿಟಕಿ ತೆರೆದಿದೆ.

ಹೆಸರಿನ ಜಗಳಕ್ಕೆ ಇದಕ್ಕಿಂತ ಜಾಣತನದ ಪರಿಹಾರವೂ ಉಂಟು. ಪೋಲೆಂಡಿನಲ್ಲಿ ಗ್ಡಾನ್ಸ್ಕ್ ಎಂಬ ರೇವು ಪಟ್ಟಣವಿದೆ. ಜರ್ಮನರಿಗೆ ಅದು ಡಾನ್ಸಿಗ್. ಎರಡು ಹೆಸರುಗಳ ಹಿಂದೆ ಎರಡು ಜನಾಂಗಗಳ ನೋವು. 2005ರಲ್ಲಿ ಇಂಗ್ಲಿಷ್ ವಿಕಿಪೀಡಿಯದವರು ಮತ ಹಾಕಿ, ಚರಿತ್ರೆಯ ಯಾವ ಕಾಲಖಂಡಕ್ಕೆ ಯಾವ ಹೆಸರೆಂದು ಗೊತ್ತುಮಾಡಿಕೊಂಡರು. ಬೆಳಗಾವಿಯ ಇಂಗ್ಲಿಷ್ ಹೆಸರು ಸರಕಾರಿ ಕಾಗದದಲ್ಲಿ ಬದಲಾದುದು 2014ರ ನವೆಂಬರ್ 1ರಂದು. ಹಾಗಾದರೆ ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಕಾಂಗ್ರೆಸ್ ಅಧಿವೇಶನ ನಡೆದದ್ದು ‘ಬೆಲ್ಗಾಮ್’ನಲ್ಲೋ ಬೆಳಗಾವಿಯಲ್ಲೋ? ಕನ್ನಡದಲ್ಲಿ ಬರೆಯುವಾಗ ನಮಗೆ ಈ ತೊಡಕಿಲ್ಲ, ಪುಣ್ಯ. ಫ್ಲೋರಾ ಫೌಂಟನ್ ಎಂದರೂ ಹುತಾತ್ಮ ಚೌಕವೆಂದರೂ ಟ್ಯಾಕ್ಸಿಯವನು ಒಂದೇ ಕಡೆ ಇಳಿಸುತ್ತಾನೆ.

ಕನ್ನಡದವರ ಮನೆಯೊಳಗಿನ ತಕರಾರು ಬೇರೆ ತರದ್ದು. 2009ರ ಸುಮಾರಿಗೆ ಗೂಗಲ್ ಸಂಸ್ಥೆ ತನ್ನ ಅನುವಾದ ಯಂತ್ರದ ನೆರವಿನಿಂದ ಇಂಗ್ಲಿಷ್ ಲೇಖನಗಳನ್ನು ಭಾರತದ ಹಲವು ಭಾಷೆಗಳಿಗೆ ತರಿಸಿತು. ಕನ್ನಡಕ್ಕೂ ಉದ್ದುದ್ದ ಲೇಖನಗಳು ಬಂದು ಬಿದ್ದವು. ಅಕ್ಷರ ಕನ್ನಡ, ಅಸ್ಥಿ ಇಂಗ್ಲಿಷ್. ಓದಿದರೆ ನಾಲಗೆ ತೊಡರುತ್ತಿತ್ತು. ಬಂಗಾಳಿಯವರು ಇಂಥವನ್ನು ಒಪ್ಪಲಿಲ್ಲ. ಇಂಥವು ಇರಲಿ, ಮೆಲ್ಲಗೆ ತಿದ್ದಿಕೊಳ್ಳೋಣ ಎನ್ನುವುದು ಒಂದು ವಾದ. ತಿದ್ದುವುದಕ್ಕಿಂತ ಹೊಸದಾಗಿ ಬರೆಯುವುದೇ ಸುಲಭವೆಂಬುದು ಇನ್ನೊಂದು. ನಾವು ಎರಡನೆಯ ಪಕ್ಷದವರು. ಇಂಥ ಒಂದು ಲೇಖನದ ನಾಲ್ಕು ಸಾಲು ತಿದ್ದಿ ನೋಡಿದವರಿಗೆ ಕಾರಣ ಕೇಳಬೇಕಾಗಿಲ್ಲ. ಮುಂದೆ ಮೈಸೂರು ವಿಶ್ವವಿದ್ಯಾನಿಲಯವು ತನ್ನ ವಿಶ್ವಕೋಶದ ಬರಹವನ್ನು ಮುಕ್ತ ಪರವಾನಗಿಯಲ್ಲಿ ಬಿಟ್ಟುಕೊಟ್ಟದ್ದರಿಂದ ಪಂಡಿತರ ಕನ್ನಡವೂ ಅಲ್ಲಿಗೆ ಬಂದು ಸೇರಿತು. ಗಾಜಿನ ಬೀರುವಿನಿಂದ ಕಟ್ಟೆಗೆ ಇಳಿದಂತಾಯಿತು.

ಇನ್ನು ನಮ್ಮ ಕಣ್ಣೆದುರಿಗೇ ನಡೆದ ಒಂದು ವಿಷಯ. ದಕ್ಷಿಣ ಕನ್ನಡದಿಂದ ಬಂದು ಹಗಲೆಲ್ಲ ಹೋಟೆಲುಗಳಲ್ಲಿ ದುಡಿದು ರಾತ್ರಿ ಕನ್ನಡ ಶಾಲೆಗಳಲ್ಲಿ ಓದಿದ ಹುಡುಗರ ಕತೆ ಫೋರ್ಟಿನವರಿಗೆ ಹೊಸದಲ್ಲ. ನಮ್ಮ ಮಿತ್ರರೊಬ್ಬರು ಬ್ಯಾಂಕಿನ ಉದ್ಯೋಗಿ. ಅವರ ತಂದೆಯವರು ಹಾಗೆ ಓದಿದವರು. ಮಿತ್ರರು ಆ ರಾತ್ರಿಶಾಲೆಯ ಮೇಲೆ ಕನ್ನಡ ವಿಕಿಪೀಡಿಯದಲ್ಲಿ ಒಂದು ಲೇಖನ ಬರೆದರು. ಸ್ಥಾಪನೆಯ ಇಸವಿ, ಮೊದಲ ಮುಖ್ಯೋಪಾಧ್ಯಾಯರು, ರಾತ್ರಿ ಒಂಬತ್ತಕ್ಕೆ ದೀಪ ಹೋದರೆ ಮೇಣದ ಬತ್ತಿಯಲ್ಲಿ ನಡೆಯುತ್ತಿದ್ದ ಪಾಠ, ಎಲ್ಲವೂ ತಂದೆಯವರ ಬಾಯಿಂದ ಕೇಳಿದ್ದು. ಎರಡೇ ದಿನದಲ್ಲಿ ಬೆಂಗಳೂರಿನ ಸಂಪಾದಕರೊಬ್ಬರು ಸಾಲುಸಾಲಿಗೂ ‘ಆಧಾರ ಬೇಕು’ ಎಂಬ ಗುರುತು ಹಾಕಿ, ಆಧಾರ ಸಿಕ್ಕದಿದ್ದರೆ ಲೇಖನ ಉಳಿಯಲಾರದೆಂದು ಬರೆದರು.

ಮಿತ್ರರಿಗೆ ಸಿಟ್ಟು ಬಂತು. ತಂದೆಯವರಿಗೆ ಇನ್ನೂ ಹೆಚ್ಚು. “ಅಲ್ಲ ಮಾರಾಯಾ, ಆ ಬೆಂಚಿನಲ್ಲಿ ಕೂತು ಓದಿದವ ನಾನು ಇಲ್ಲಿ ಜೀವಂತ ಇದ್ದೇನೆ. ಇನ್ನು ಎಂಥ ಪುರಾವೆ ಬೇಕಂತೆ ಅವರಿಗೆ?” ಎಂದರು. ಮಗ ಅದನ್ನು ಇದ್ದ ಹಾಗೆಯೇ ಚರ್ಚೆಯ ಪುಟದಲ್ಲಿ ಬರೆದರು. ಬೆಂಗಳೂರಿನವರ ಉತ್ತರ ಹೀಗಿತ್ತು: “ತಮ್ಮ ತಂದೆಯವರ ಮಾತನ್ನು ನಾನು ನಂಬುತ್ತೇನೆ. ಆದರೆ ನಾಳೆ ಇನ್ನೊಬ್ಬರ ತಂದೆಯವರು ಬೇರೊಂದು ಇಸವಿ ಹೇಳಿದರೆ ನಾನು ಯಾರ ಮಾತನ್ನು ಅಳಿಸಲಿ?”

ವಿಕಿಪೀಡಿಯದ ಕಟ್ಟಳೆಯೂ ಇದೇ. ಒಂದು ಮಾತು ನಿಜವಾಗಿದ್ದರೆ ಸಾಲದು. ಓದುವವನು ತಾನೇ ಹೋಗಿ ನೋಡಬಹುದಾದ ಕಡೆ ಅದು ಪ್ರಕಟವಾಗಿರಬೇಕು. ಅಚ್ಚಿನ ಚರಿತ್ರೆ ಸಾಕಷ್ಟಿರುವವರಿಗೆ ಈ ಕಟ್ಟಳೆ ಹಗುರ. ಗಂಟುಮೂಟೆ ಕಟ್ಟಿಕೊಂಡು ಬಂದು ದುಡಿದವರಿಗೆ ಭಾರ. ನಮ್ಮವರು ಶಾಲೆ ಕಟ್ಟಿದರು, ನಾಟಕವಾಡಿದರು, ಯಕ್ಷಗಾನ ಮಾಡಿಸಿದರು. ಬರೆದಿಡಲು ಪುರುಸೊತ್ತು ಎಲ್ಲಿತ್ತು? ಎಷ್ಟೋ ರಾತ್ರಿಶಾಲೆಗಳು ಹುಡುಗರಿಲ್ಲದೆ ಮುಚ್ಚಿವೆ. ಕಲಿತವರು ಒಬ್ಬೊಬ್ಬರಾಗಿ ಹೊರಡುತ್ತಿದ್ದಾರೆ.

ಮಿತ್ರರು ಮೂರು ಭಾನುವಾರ ಅಟ್ಟ, ಪೆಟ್ಟಿಗೆಗಳನ್ನು ಜಾಲಾಡಿದರು. ಕಡೆಗೆ ಬೊರಿವಲಿಯ ಸಂಬಂಧಿಕರ ಮನೆಯಲ್ಲಿ ಶಾಲೆಯ ಒಂದು ಸ್ಮರಣ ಸಂಚಿಕೆ, ಇನ್ನೊಬ್ಬ ಹಳೆಯ ವಿದ್ಯಾರ್ಥಿಯ ಮನೆಯಲ್ಲಿ ಮತ್ತೊಂದು ಸಿಕ್ಕಿದವು. ಸಮಸ್ಯೆ ಮುಗಿಯಿತೆಂದುಕೊಂಡರೆ ಎರಡರಲ್ಲಿ ಎರಡು ಇಸವಿ! ಮೇಲಾಗಿ ಮೂರನೆಯ ಸಂಪಾದಕರೊಬ್ಬರು ಬಂದು, ಶಾಲೆ ತನ್ನ ಬಗ್ಗೆ ತಾನೇ ಅಚ್ಚು ಹಾಕಿಸಿದ ಪುಸ್ತಕ ಸ್ವತಂತ್ರ ಸಾಕ್ಷ್ಯವಾಗದೆಂದರು. ಈ ಮಾತಿಗೆ ಮಾತ್ರ ಬೆಂಗಳೂರಿನವರು ನಮ್ಮ ಮಿತ್ರರ ಪಕ್ಷ ವಹಿಸಿದರು. ಹೊಗಳಿಕೆಗೆ ಅದು ಆಧಾರವಾಗದು, ಸಾದಾ ಸಂಗತಿಗಳಿಗೆ ಆಗಬಹುದು ಎಂದು ಅವರ ವಾದ. ಎರಡು ಇಸವಿಗಳ ಗಂಟನ್ನು ಬಿಡಿಸಲು ದಾರಿ ತೋರಿದವರೂ ಅವರೇ. ಒಂದು ಸಂಚಿಕೆ ಮೊದಲ ಪಾಠ ನಡೆದ ವರ್ಷದಿಂದ ಲೆಕ್ಕ ಹಿಡಿದಿರಬಹುದು, ಇನ್ನೊಂದು ಸಂಸ್ಥೆ ನೋಂದಣಿಯಾದ ವರ್ಷದಿಂದ, ನೋಡಿ ಎಂದರು. ನೋಡಿದಾಗ ಹಾಗೆಯೇ ಇತ್ತು. ಈಗ ಲೇಖನದಲ್ಲಿ ಎರಡು ವರ್ಷಗಳೂ ಇವೆ, ಪಕ್ಕದಲ್ಲಿ ಎರಡು ಸಂಚಿಕೆಗಳ ಹೆಸರು, ಪುಟ ಸಂಖ್ಯೆಗಳೂ ಇವೆ. ಮೇಣದ ಬತ್ತಿಯ ಪಾಠ ಮಾತ್ರ ಅಳಿದುಹೋಯಿತು. ಎರಡರಲ್ಲಿಯೂ ಅದರ ಮಾತಿರಲಿಲ್ಲ. ತಂದೆಯವರು ಅದನ್ನು ಇನ್ನೂ ಮರೆತಿಲ್ಲ. ಬೆಂಗಳೂರಿನವರ ಮುಖವನ್ನು ಮಿತ್ರರು ಇಂದಿಗೂ ಕಂಡಿಲ್ಲ. ಆದರೆ ಇಬ್ಬರೂ ಈಗ ಫೋರ್ಟಿನ ಹಳೆಯ ಕನ್ನಡ ಸಂಸ್ಥೆಗಳ ಪಟ್ಟಿಯೊಂದನ್ನು ಕೂಡಿ ಮಾಡುತ್ತಿದ್ದಾರೆ, ಪ್ರತಿ ಸಾಲಿಗೂ ವಾದ ಮಾಡುತ್ತಲೇ.

ಮೊದಲ ಮುಖ್ಯೋಪಾಧ್ಯಾಯರ ಹೆಸರಿಗೆ ಇನ್ನೂ ಆಧಾರ ಸಿಕ್ಕಿಲ್ಲ. ವಾಚಕರಲ್ಲಿ ಯಾರ ಮನೆಯಲ್ಲಾದರೂ ಫೋರ್ಟಿನ ಕನ್ನಡ ರಾತ್ರಿಶಾಲೆಗಳ ಸ್ಮರಣ ಸಂಚಿಕೆ, ವಾರ್ಷಿಕ ವರದಿ ಅಥವಾ ಹಳೆಯ ಪತ್ರಿಕೆಯ ತುಣುಕು ಇದ್ದರೆ ಪುಸ್ತಕವನ್ನು ಕೊಡಬೇಕಾಗಿಲ್ಲ. ಅದರ ಹೆಸರು, ಪ್ರಕಟಿಸಿದವರು, ಇಸವಿ, ಪುಟದ ಸಂಖ್ಯೆ ಇಷ್ಟನ್ನು ಒಂದು ಚೀಟಿಯಲ್ಲಿ ಬರೆದು ಸಂಘದ ಕಚೇರಿಗೆ ತಲುಪಿಸಿದರೆ ಸಾಕು. ಸಂಚಿಕೆಯಲ್ಲಿ ಮೇಣದ ಬತ್ತಿಯ ಮಾತೇನಾದರೂ ಇದ್ದರೆ ಅದನ್ನೂ ಗುರುತು ಮಾಡಿ ಕಳುಹಿಸಬೇಕೆಂದು ತಂದೆಯವರ ಕೋರಿಕೆ.