ಬಾಡಿಗೆದಾರರು ಶೆಡ್ಡಿನ ಬೀಗ ಬದಲಿಸಿದರೆ ಏನು ಮಾಡಬೇಕು?

ರಸ್ತೆ ಪಕ್ಕ ಜಾಗ ಇರೋ ರೈತರು ಈಗ ಒಂದು ಶೆಡ್ಡೋ, ಎರಡು ಮಳಿಗೆಯೋ ಕಟ್ಟಿಸಿ ಬಾಡಿಗೆಗೆ ಕೊಡೋದು ಸಾಮಾನ್ಯ. ಮೆಕ್ಕೆಜೋಳದ ವ್ಯಾಪಾರಿಗಳು, ಗೊಬ್ಬರದ ಅಂಗಡಿಯವರು ಬರ್ತಾರೆ. ಬೆಳೆ ಕೈಕೊಟ್ಟ ವರ್ಷ ಮನೆ ಖರ್ಚು ತೂಗಿಸೋದೇ ಈ ಬಾಡಿಗೆ. ಹೀಗಿರುವಾಗ ಒಂದು ದಿನ ಹೋಗಿ ನೋಡಿದರೆ ಶಟರ್‌ಗೆ ಹೊಸ ಬೀಗ, ನಮ್ಮ ಕೀಲಿ ಹೊಂದೋದಿಲ್ಲ. ಬೋರ್‌ವೆಲ್ ಸ್ಟಾರ್ಟರ್ ಆ ಶೆಡ್ಡಿನ ಒಳಗೇ ಇದ್ದರೆ ಟೊಮೆಟೊಗೆ ನೀರು ಬಿಡೋದು ಹೇಗೆ?

ಇಂಥದ್ದು ಕೇಳಿ ಬಂದವರಿಗೆಲ್ಲ ನಾನು ಮೊದಲು ಹೇಳೋದು ಒಂದೇ ಮಾತು: ಬೀಗ ಒಡೀಬೇಡಿ. ಕಟ್ಟಡ ನಿಮ್ಮದೇ, ಆದರೆ ಬಾಡಿಗೆಗೆ ಕೊಟ್ಟ ಮೇಲೆ ಅದರ ಸ್ವಾಧೀನ ಅವರದು. ಕಾನೂನು ಕ್ರಮ ಇಲ್ಲದೆ ಹೊರಗೆ ಹಾಕಿದರೆ, ನಿರ್ದಿಷ್ಟ ಪರಿಹಾರ ಕಾಯ್ದೆ 1963ರ 6ನೇ ಕಲಂ ಪ್ರಕಾರ ಅವರು 6 ತಿಂಗಳೊಳಗೆ ದಾವೆ ಹಾಕಿ ಸ್ವಾಧೀನ ವಾಪಸ್ ಪಡೀಬಹುದು. ಅಲ್ಲಿ ಮಾಲೀಕರು ಯಾರು ಅನ್ನೋ ಪ್ರಶ್ನೆ ನಡೆಯೋದಿಲ್ಲ. ಜೊತೆಗೆ ಒಳಗಿದ್ದ 50 ಚೀಲ ಕಾಣೆ ಅಂತ ದೂರು ಕೊಟ್ಟರೆ, ಇಲ್ಲ ಅಂತ ತೋರಿಸೋದು ನಿಮಗೇ ಕಷ್ಟ. ಕರೆಂಟ್ ಕಟ್ ಮಾಡೋದು, ನಿಮ್ಮ ಬೀಗ ಮೇಲೊಂದು ಜಡಿಯೋದು ಕೂಡ ಇದೇ ಜಾತಿಯ ಕೆಲಸ.

ಹಾಗಂತ ಸುಮ್ಮನಿರಬೇಕಿಲ್ಲ. ಮೊದಲು ಫೋನ್ ಮಾಡಿ ಕಾರಣ ಕೇಳಿ. ಎಷ್ಟೋ ಸಲ ಕೀಲಿ ಕಳೆದಿರುತ್ತೆ, ಇಲ್ಲಾ ಕೆಲಸ ಬಿಟ್ಟ ಹುಡುಗನ ಹತ್ತಿರ ಒಂದು ಕೀಲಿ ಉಳಿದಿರುತ್ತೆ. ಲಕ್ಷಾಂತರ ರೂಪಾಯಿ ಮಾಲು ಇಟ್ಟವರಿಗೆ ಭಯ ಇರೋದು ಸಹಜ. ಮಾತಾಡಿದ್ದನ್ನು ಅವತ್ತೇ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ: ಇಂಥ ದಿನ ಬೀಗ ಬದಲಾಗಿದೆ, ಸ್ಟಾರ್ಟರ್ ಒಳಗಿದೆ, ಇಂಥ ಹೊತ್ತಿಗೆ ತೆಗೆದುಕೊಡಿ. ಬೀಗದ ಫೋಟೋನೂ ಇರಲಿ. ಆಸ್ತಿ ವರ್ಗಾವಣೆ ಕಾಯ್ದೆ 1882ರ 108ನೇ ಕಲಂ ಪ್ರಕಾರ, ಸೂಕ್ತ ಹೊತ್ತಿನಲ್ಲಿ ಒಳಗೆ ಬಂದು ಕಟ್ಟಡದ ಸ್ಥಿತಿ ನೋಡೋಕೆ ಮಾಲೀಕರಿಗೆ ಬಾಡಿಗೆದಾರರು ಅವಕಾಶ ಕೊಡಲೇಬೇಕು. ಬೆಂಕಿ, ಹೊಗೆ ಕಂಡರೆ ಮಾತ್ರ ಕಾಯಬೇಡಿ, 112ಕ್ಕೆ ಫೋನ್ ಮಾಡಿ.

ಬಾಡಿಗೆನೂ ಇಲ್ಲ, ಫೋನೂ ಎತ್ತಲ್ಲ ಅಂದ್ರೆ ವಕೀಲರಿಂದ ಖಾಲಿ ಮಾಡುವ ನೋಟಿಸ್ ಕೊಡಿಸಿ. ಕರಾರಿನಲ್ಲಿ ಬೇರೆ ಅವಧಿ ಬರೆದಿಲ್ಲದಿದ್ದರೆ ತಿಂಗಳ ಬಾಡಿಗೆಗೆ 15 ದಿನದ ನೋಟಿಸ್ ಬೇಕು (106ನೇ ಕಲಂ). ಆಮೇಲೂ ಬಿಡದಿದ್ದರೆ ಸಿವಿಲ್ ಕೋರ್ಟ್ ದಾವೆ. ಪಟ್ಟಣದ ಸಣ್ಣ ಮಳಿಗೆಯಾದರೆ ಕರ್ನಾಟಕ ಬಾಡಿಗೆ ಕಾಯ್ದೆ 1999 ಅನ್ವಯಿಸುತ್ತಾ ಅಂತ ವಕೀಲರನ್ನು ಮೊದಲೇ ಕೇಳಿ, ಆಗ ದಾರಿ ಬೇರೆ. ಇನ್ನೊಂದು ವಿಷಯ ನಮ್ಮ ಹುಡುಗರು ಗಮನಿಸೋದೇ ಇಲ್ಲ: ನೋಟಿಸ್ ಅವಧಿ ಮುಗಿದ ಮೇಲೂ ಫೋನ್‌ಪೇಗೆ ಬಾಡಿಗೆ ಬಂದು ಬೀಳ್ತಾ ಇದ್ದು ನೀವು ಸುಮ್ಮನಿದ್ದರೆ, ನೋಟಿಸ್ ಕೈಬಿಟ್ಟಿದ್ದೀರಿ ಅಂತ ಅವರು ವಾದಿಸಬಹುದು. ಆ ದುಡ್ಡನ್ನು ಏನು ಮಾಡಬೇಕು ಅಂತ ವಕೀಲರನ್ನು ಕೇಳಿ, ಉತ್ತರ ಬರವಣಿಗೆಯಲ್ಲೇ ಕಳಿಸಿ.

(ಇದೆಲ್ಲ ಕಟ್ಟಡದ ಮಾತು. ಸಾಗುವಳಿ ಜಮೀನನ್ನೇ ಗೇಣಿಗೆ ಕೊಡೋದಕ್ಕೆ ಭೂ ಸುಧಾರಣಾ ಕಾಯ್ದೆ ಅಡ್ಡ ಬರುತ್ತೆ, ಅದು ಬೇರೆಯೇ ಕಥೆ.)

ಹೊಸದಾಗಿ ಬಾಡಿಗೆಗೆ ಕೊಡುವವರು ಕರಾರಿನಲ್ಲಿ ಈ ಸಾಲು ಸೇರಿಸಿ: "ಬೀಗ ಬದಲಿಸಿದಲ್ಲಿ 2 ದಿನದೊಳಗೆ ಒಂದು ಕೀಲಿಯನ್ನು ಮುಚ್ಚಿದ ಲಕೋಟೆಯಲ್ಲಿ ಸಹಿ ಹಾಕಿ ಮಾಲೀಕರಿಗೆ ಕೊಡತಕ್ಕದ್ದು, ತುರ್ತಿದ್ದಾಗ ಮಾತ್ರ ಇಬ್ಬರು ಸಾಕ್ಷಿಗಳ ಎದುರು ತೆರೆಯತಕ್ಕದ್ದು." ಲಕೋಟೆ ಅಂದರೆ ಅವರಿಗೂ ನಂಬಿಕೆ ಇರುತ್ತೆ. ಒಂದು ವರ್ಷ ಮೀರಿದ ಕರಾರಾದರೆ ನೋಂದಣಿ ಕಡ್ಡಾಯ. 11 ತಿಂಗಳ ಕರಾರು ಎಲ್ಲರೂ ಮಾಡೋದು ಅದಕ್ಕೇ. ಕೀಲಿ ಕೊಡೋ ಮೊದಲು ಸ್ಟಾರ್ಟರ್, ಮೀಟರ್ ಬೋರ್ಡ್ ಎರಡನ್ನೂ ಹೊರಗಿನ ಗೋಡೆಗೆ ಕಬ್ಬಿಣದ ಪೆಟ್ಟಿಗೆ ಹಾಕಿಸಿ ಸ್ಥಳಾಂತರಿಸಿ. ಮೀಟರ್ ಮಾತ್ರ ನೀವೇ ಮುಟ್ಟಬೇಡಿ, ವಿದ್ಯುತ್ ಕಂಪನಿಗೆ ಅರ್ಜಿ ಕೊಟ್ಟು ಅವರಿಂದಲೇ ಮಾಡಿಸಿ.