ರೇಷ್ಮೆಹುಳುವಿನ ಮನೆಗೆ ಯಾವ ಸೂರು?

ರೇಷ್ಮೆಹುಳು ತನ್ನ ಮೈಬಿಸಿಯನ್ನು ತಾನೇ ಕಾಯ್ದುಕೊಳ್ಳಲಾರದು. ಸುತ್ತಲಿನ ಗಾಳಿ ಎಷ್ಟು ಬಿಸಿಯೋ ಅದರ ಮೈಯೂ ಹೆಚ್ಚುಕಡಿಮೆ ಅಷ್ಟೇ ಬಿಸಿ. ಚಾಕಿ ಹುಳುವಿಗೆ 27 ಡಿಗ್ರಿ ಸೆಲ್ಸಿಯಸ್ ಹಿತ. ಐದನೆಯ ಹಂತದ ಹುಳುವಿಗೆ 24 ಡಿಗ್ರಿ ಉಷ್ಣತೆ, ಶೇ. 70ರಷ್ಟು ಆರ್ದ್ರತೆ ಇರಬೇಕು. ಜೀವಮಾನದಲ್ಲಿ ತಿನ್ನುವ ಸೊಪ್ಪಿನ ಶೇ. 80ಕ್ಕೂ ಹೆಚ್ಚನ್ನು ಅದು ತಿನ್ನುವುದು ಈ ಕೊನೆಯ ಹಂತದಲ್ಲೇ. ಆಗ ಕೊಠಡಿ 32 ಡಿಗ್ರಿ ದಾಟಿದರೆ ಸೊಪ್ಪು, ಆಳಿನ ಕೂಲಿ, ಮೊಟ್ಟೆಗೆ ಕೊಟ್ಟ ಹಣ ಎಲ್ಲವೂ ಸಪ್ಪೆ ರೋಗದ ಪಾಲಾಗಬಹುದು.

ಈ ಬಿಸಿ ಬಹುಪಾಲು ಬರುವುದು ಮೇಲಿನಿಂದ. ಕೋಲಾರ ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಏಪ್ರಿಲ್ ಕೊನೆಯ ವಾರದಲ್ಲಿ ಇಲ್ಲಿ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆಯೇ ಇರುತ್ತಾನೆ. ಗೋಡೆಗೆ ತಾಗುವ ಬಿಸಿಲು ಕಡಿಮೆ, ಸೂರಿಗೆ ತಾಗುವುದು ಹೆಚ್ಚು.

ಅಗ್ಗವೆಂದು ನೀವು ಸಿಮೆಂಟ್ ಶೀಟನ್ನು ಆರಿಸಿಕೊಂಡರೆ? ಅದರ ದಪ್ಪ ಸುಮಾರು 6 ಮಿಲಿಮೀಟರ್. ಬಿಸಿಲು ಬಿದ್ದ ಸ್ವಲ್ಪ ಹೊತ್ತಿಗೇ ಅದರ ಒಳಮೈ ಕಾದು ಕೆಳಗಿನ ತಟ್ಟೆಗಳತ್ತ ಶಾಖ ಸೂಸುತ್ತದೆ. ಚಳಿಗಾಲದಲ್ಲಿ ಇದರದು ಇನ್ನೊಂದು ತೊಂದರೆ. ರಾತ್ರಿ ಶೀಟು ಬೇಗ ತಣಿಯುತ್ತದೆ. ಸೊಪ್ಪು ಮತ್ತು ಕಸದಿಂದ ಎದ್ದ ಆವಿ ಅದಕ್ಕೆ ತಗುಲಿ, ಹನಿಯಾಗಿ ಹಾಸಿಗೆಯ ಮೇಲೆ ಬೀಳುತ್ತದೆ. ಸುಣ್ಣಕಟ್ಟು ರೋಗದ ಶಿಲೀಂಧ್ರಕ್ಕೆ ಬೇಕಾದದ್ದು ಇದೇ ತೇವ. ಕಲ್ನಾರಿನ ಶೀಟಾದರೆ ಕೊಯ್ಯುವಾಗ ಹಾರುವ ಎಳೆ ಶ್ವಾಸಕೋಶಕ್ಕೂ ಕೇಡು.

ಮುಳಬಾಗಿಲಿನ ಕಡೆ ಕಲ್ಲಿಗೇನು ಬರ? ಮೂರು ಅಂಗುಲದ ಕಲ್ಲುಚಪ್ಪಡಿ ಚದರ ಮೀಟರಿಗೆ ಸುಮಾರು 200 ಕಿಲೋಗ್ರಾಂ ತೂಗುತ್ತದೆ. ಈ ತೂಕವೇ ಅದರ ಗುಣ. ಕಾಯಲು ಹೊತ್ತು ಹಿಡಿಯುವುದರಿಂದ ಬೆಳಗಿನ ಹೊತ್ತು ಒಳಗೆ ತಂಪು. ಆದರೆ ಗ್ರಾನೈಟ್ ಶಾಖವನ್ನು ಸುಲಭವಾಗಿ ಸಾಗಿಸುತ್ತದೆ. ಹಗಲು ಹೀರಿದ್ದನ್ನು ಸಂಜೆ ಒಳಕ್ಕೆ ಬಿಡುತ್ತದೆ. ಮೇಲೆ ಗಾರೆ ಹಾಕಿ ಸುಣ್ಣ ಬಳಿದರೆ ಹೀರುವುದೇ ಕಡಿಮೆಯಾಗುತ್ತದೆ. ಆರ್.ಸಿ.ಸಿ. ತಾರಸಿಗೂ ಇದೇ ಮಾತು.

ಮಾಲೂರಿನ ಗೂಡುಗಳಲ್ಲಿ ಸುಟ್ಟ ಹೆಂಚು ಹತ್ತಿರದಲ್ಲೇ ಸಿಗುತ್ತದೆ. ಚದರ ಮೀಟರಿಗೆ ಸುಮಾರು 15 ಹೆಂಚು ಸಾಕು; ಗೋಡೆಗೆ ಭಾರವೂ ಇಲ್ಲ. ಬಿಸಿಗಾಳಿ ಮೇಲೇರಿ ಹೆಂಚಿನ ಸಂದುಗಳಿಂದ ಹೊರಹೋಗುತ್ತದೆ. ಬರೀ ಉಷ್ಣತೆಯ ಲೆಕ್ಕವಾದರೆ ನಾನು ಹೆಂಚಿಗೇ ಮತ ಹಾಕುತ್ತೇನೆ. ಆದರೆ ಅದೇ ಸಂದಿನಲ್ಲಿ ಊಜಿ ನೊಣ ಒಳಬರುತ್ತದೆ. 1980ರಲ್ಲಿ ಕರ್ನಾಟಕಕ್ಕೆ ಕಾಲಿಟ್ಟ ಈ ನೊಣ ಇಂದಿಗೂ ಹೋಗಿಲ್ಲ. ಬೆಳೆಯ ಮುಂಚೆ ಸೋಂಕು ನಿವಾರಕ ಬಳಸಿ ಮನೆಯನ್ನು ಮುಚ್ಚಿಡುವಾಗಲೂ ಅನಿಲ ನಿಲ್ಲುವುದಿಲ್ಲ. ಆದ್ದರಿಂದ ಹೆಂಚು ಹೊದಿಸಿದರೆ ಅದರ ಕೆಳಗೆ ಹಲಗೆಯದೋ ಬಿದಿರು ಚಾಪೆಯದೋ ಒಳಸೂರು ಬೇಕೇ ಬೇಕು. ಚಾಪೆಯಾದರೆ ಸಂದು ಮುಚ್ಚುವಂತೆ ಸಗಣಿ-ಮಣ್ಣು ಸಾರಿಸಿ. ನಡುವಿನ ಗಾಳಿಯ ಪದರ ಶಾಖವನ್ನೂ ತಡೆಯುತ್ತದೆ.

ಈಗಾಗಲೇ ಶೀಟು ಹಾಕಿದ್ದೀರಾ? ಕೀಳಬೇಡಿ. ಮೇಲೆ ತೆಂಗಿನ ಗರಿ ಹೊದಿಸಿ, ಒಳಗೆ ಅಂತಹದೇ ಒಳಸೂರು ಕಟ್ಟಿ. ಗಾಳಿಗಂಡಿಗಳಿಗೆ ನೈಲಾನ್ ಬಲೆ ಬಿಗಿದು, ಬೇಸಿಗೆಯಲ್ಲಿ ಸೂರ್ಯ ಮುಳುಗಿದ ಮೇಲೆ ತೆರೆಯಿರಿ. ಶ್ರೀನಿವಾಸಪುರದ ಕಡೆಯವರಿಗೆ ಒಂದು ಎಚ್ಚರಿಕೆ: ಮಾವಿನ ಮರದ ನೆರಳು ಒಳ್ಳೆಯದೇ, ಆದರೆ ತೋಪಿಗೆ ಸಿಂಪಡಿಸಿದ ಕೀಟನಾಶಕ ಗಾಳಿಯಲ್ಲಿ ಬಂದು ಹಿಪ್ಪುನೇರಳೆ ಸೊಪ್ಪಿನ ಮೇಲೆ ಬಿದ್ದರೆ ಯಾವ ಸೂರೂ ಹುಳುವನ್ನು ಉಳಿಸದು.

ಉಷ್ಣತಾಮಾಪಕವನ್ನು ಗೋಡೆಗಲ್ಲ, ಸ್ಟ್ಯಾಂಡಿನ ಮೇಲಿನ ಅಂತಸ್ತಿಗೆ ಕಟ್ಟಿ. ಮಧ್ಯಾಹ್ನ 3ಕ್ಕೆ ಒಮ್ಮೆ, ರಾತ್ರಿ 8ಕ್ಕೆ ಇನ್ನೊಮ್ಮೆ ಬರೆದಿಡಿ. ಕಲ್ಲಿನ ಸೂರಿನಡಿ ಎರಡನೆಯ ಅಂಕಿಯನ್ನೇ ಹೆಚ್ಚು ಗಮನಿಸಬೇಕು.